ಬೂಸ್ಟರ್ ಇಲ್ಲದ ಕಾಲದ ಬ್ರೇಕು

ಫೋಟೋ 1
ಬಾನೆಟ್ ಎತ್ತಿದ್ರೆ ಡ್ರೈವರ್ ಸೀಟಿನ ಎದುರು ಗೋಡೆಗೆ ಅಂಟಿಕೊಂಡು ಕೂತಿರುವ ಈ ಕಪ್ಪು ಡಬ್ಬಿ ನೋಡಿ. ದೊಡ್ಡ ಪಾತ್ರೆಯ ಮುಚ್ಚಳ ಎರಡು ಸೇರಿಸಿ ಒತ್ತಿದ ಹಾಗೆ ಉಂಟು. ಇದೇ ಬ್ರೇಕ್ ಬೂಸ್ಟರ್. ಹಳೆ ಕಾಂಟೆಸ್ಸಾ ಹುಡುಕಿ ತಂದವರು ಎಲ್ಲರೂ ಕೇಳುದು ಒಂದೇ ಪ್ರಶ್ನೆ: ಬೂಸ್ಟರ್ ಹೋಗಿದೆ, ಪಾರ್ಟ್ ಸಿಗುದಿಲ್ಲ, ಬಿಚ್ಚಿ ಬಿಸಾಡಿ ಅಂಬಾಸಿಡರ್ ತರ ಮ್ಯಾನುವಲ್ ಮಾಡಿದ್ರೆ ಆಗುದಿಲ್ವಾ?

ಆಗ್ತದೆ. ಆದರೆ ಒಂದು ಮಾತು. ಹಳೆ ಅಂಬಾಸಿಡರಿನದ್ದು ಬೂಸ್ಟರ್ ತೆಗೆದ ಬ್ರೇಕ್ ಅಲ್ಲ. ಅದು ಬೂಸ್ಟರ್ ಇಲ್ಲ ಅಂತ ಗೊತ್ತಿದ್ದೇ, ಬೇರೆ ಲೆಕ್ಕದಲ್ಲಿ ಹುಟ್ಟಿದ ಬ್ರೇಕ್. ಈ ವ್ಯತ್ಯಾಸ ತಿಳಿಯದೆ ಸ್ಪ್ಯಾನರ್ ಹಿಡಿದರೆ, ಕದ್ರಿ ಗುಡ್ಡೆ ಇಳಿಯುವಾಗ ಎದುರಿಗೆ ಸಿಟಿ ಬಸ್ ಬಂದು ನಿಂತಾಗ ತಿಳಿಯುತ್ತದೆ.

ಫೋಟೋ 2
ಸ್ವಲ್ಪ ಹಿಂದಕ್ಕೆ ಹೋಗುವ. ನಮ್ಮ ಜಿಲ್ಲೆಯಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದ್ರೆ ಹಿರಿಯರ ಬಾಯಿಯ ಸಿಪಿಸಿ, ಬಸ್ ಓಡಿಸಲು ಶುರು ಮಾಡಿದ್ದು 1914ರಲ್ಲಿ. ಆ ಕಾಲಕ್ಕೆ ಪ್ರಪಂಚದಲ್ಲೆಲ್ಲ ವಾಹನದ ಬ್ರೇಕ್ ಅಂದ್ರೆ ಕಬ್ಬಿಣದ ಸರಳು, ಕೇಬಲ್, ಸನ್ನೆ. ಅದೂ ಹೆಚ್ಚಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಒಂದು ಬದಿ ಹೆಚ್ಚು ಹಿಡಿದು ಇನ್ನೊಂದು ಬದಿ ಕಡಿಮೆ ಹಿಡಿದರೆ ಗಾಡಿ ಅಡ್ಡ ತಿರುಗುವುದು ಮಾಮೂಲು.

ಅಮೆರಿಕದಲ್ಲಿ 1921ರ ಡ್ಯೂಸೆನ್‌ಬರ್ಗ್ ಕಾರಿಗೆ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. ಕಾಲಿನ ಒತ್ತಡ ದ್ರವದ ಮೂಲಕ ಎಲ್ಲ ಕಡೆಗೂ ಸಮನಾಗಿ ಹೋಗುವ ಏರ್ಪಾಡು ಅದು. ಬೆಲ್ಜಿಯಂನ ಆಲ್ಬರ್ಟ್ ದೆವಾಂದ್ರ್ ಎಂಬ ಎಂಜಿನಿಯರ್ ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಬ್ರೇಕಿಗೆ ಬಲ ಕೊಡುವ ಉಪಾಯ ಮಾಡಿದ್ದು 1927ರಲ್ಲಿ. ಅಂದ್ರೆ ಬೂಸ್ಟರ್ ಹೊಸ ಕಾಲದ ಸಂಗತಿ ಏನೂ ಅಲ್ಲ. ಆದರೂ ಅದಾಗಿ ಮೂವತ್ತು ವರ್ಷದ ಮೇಲೆ ತಯಾರಾದ ನಮ್ಮ ಅಂಬಾಸಿಡರಿಗೆ ಅದನ್ನು ಹಾಕಲಿಲ್ಲ. ಯಾಕೆ?

ಫೋಟೋ 3
ಉತ್ತರ ಈ ಡ್ರಮ್ಮಿನ ಒಳಗೆ ಉಂಟು. ಅಂಬಾಸಿಡರ್ ಅಂದ್ರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಇಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದಕ್ಕೂ, ಪ್ರೀಮಿಯರ್ ಪದ್ಮಿನಿಗೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್.

ಡ್ರಮ್ ಬ್ರೇಕಿನಲ್ಲಿ ಒಂದು ಚಂದದ ಗುಣ. ಶೂ ಡ್ರಮ್ಮಿಗೆ ತಾಗಿದ ಕೂಡಲೇ ತಿರುಗುವ ಡ್ರಮ್ಮೇ ಅದನ್ನು ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಗಿಲ ಅಡಿಗೆ ಮರದ ಬೆಣೆ ಸಿಕ್ಕಿಸಿ ಬಾಗಿಲು ತಳ್ಳಿ ನೋಡಿ, ತಳ್ಳಿದಷ್ಟೂ ಬೆಣೆ ಬಿಗಿಯಾಗ್ತದಲ್ಲ, ಹಾಗೆ. ಗಾಡಿಯ ಓಟವೇ ಗಾಡಿಯನ್ನು ನಿಲ್ಲಿಸಲು ಕೈಜೋಡಿಸುತ್ತದೆ. ಬೂಸ್ಟರಿನ ಕೆಲಸ ಅರ್ಧ ಅಲ್ಲೇ ಆಯ್ತು.

ಡಿಸ್ಕಿಗೆ ಈ ಗುಣ ಇಲ್ಲ. ಪ್ಯಾಡ್ ಎರಡು ಬದಿಯಿಂದ ಚಿಮುಟದ ಹಾಗೆ ಹಿಡಿಯುತ್ತದೆ, ನೀವು ಒತ್ತಿದಷ್ಟೇ. ಆದ್ದರಿಂದ ಭಾರದ ಕಾರಿಗೆ ಡಿಸ್ಕ್ ಬಂದಲ್ಲೆಲ್ಲ ಬೂಸ್ಟರ್ ಹಿಂದೆಯೇ ಬಂತು. 1980ರ ದಶಕದ ಕಾಂಟೆಸ್ಸಾ ಹಾಗೆ ಬಂದದ್ದು: ಮುಂದೆ ಡಿಸ್ಕ್, ಜೊತೆಗೆ ಈ ಡಬ್ಬಿ. ಕೊನೆಕೊನೆಗೆ ಅಂಬಾಸಿಡರಿಗೂ ಬಂತು.

ಹಾಗಂತ ಡ್ರಮ್ಮನ್ನು ತೀರಾ ಹೊಗಳುವ ಅಗತ್ಯ ಇಲ್ಲ ಮಾರಾಯ್ರೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ನೀರು ತುಂಬಿದ ರಸ್ತೆ ದಾಟಿದ ಮೇಲೆ ಡ್ರಮ್ ಒಳಗೆ ಒದ್ದೆ, ಬ್ರೇಕ್ ಇಲ್ಲವೇ ಇಲ್ಲ ಅನ್ನುವ ಹಾಗೆ. ಹಳೆ ಡ್ರೈವರುಗಳು ನೀರು ದಾಟಿ ಸ್ವಲ್ಪ ದೂರ ಪೆಡಲ್ ಮೆಲ್ಲ ಒತ್ತಿಕೊಂಡೇ ಹೋಗುದು ಅದಕ್ಕೆ. ಶೂ ಬಿಸಿಯಾಗಿ ಒಣಗಬೇಕು.

ಫೋಟೋ 4
ಈಗ ಲೆಕ್ಕ. ಕ್ಲಾಸಲ್ಲಿ ನಿದ್ದೆ ಮಾಡಿದವರು ಇದನ್ನಾದರೂ ಓದಿ.

ಬೂಸ್ಟರ್ ಇರುವ ಕಾರಿನಲ್ಲಿ ಪೆಡಲ್ ಅನುಪಾತ ಸುಮಾರು 4ಕ್ಕೆ 1. ನೀವು 30 ಕೆಜಿ ಒತ್ತಿದರೆ ಆ ಕಡೆ 120 ಕೆಜಿ. ಎಂಟು ಇಂಚಿನ ಬೂಸ್ಟರ್ ಒಳಗಿನ ಡಯಾಫ್ರಮ್ಮಿನ ವಿಸ್ತೀರ್ಣ 324 ಚದರ ಸೆಂ.ಮೀ. ಒಂದು ಬದಿ ವ್ಯಾಕ್ಯೂಮ್, ಇನ್ನೊಂದು ಬದಿ ಹೊರಗಿನ ಗಾಳಿ. ಆ ಗಾಳಿಯ ಒತ್ತಡವೇ ಸುಮಾರು 200 ಕೆಜಿವರೆಗೆ ಸೇರಿಸುತ್ತದೆ. ಒಟ್ಟು 320. ಮಾಸ್ಟರ್ ಸಿಲಿಂಡರ್ ಒಂದು ಇಂಚಿನದ್ದಾದರೆ ಲೈನಿನಲ್ಲಿ ಪ್ರತಿ ಚದರ ಸೆಂ.ಮೀ.ಗೆ 63 ಕೆಜಿ.

ಬೂಸ್ಟರ್ ಮಾತ್ರ ತೆಗೆದು ಉಳಿದದ್ದು ಹಾಗೇ ಬಿಟ್ರೆ? 120 ಮಾತ್ರ. ಲೈನಿನಲ್ಲಿ 24. ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಗಾಡಿ ಮಾತ್ರ ನಿಲ್ಲುದಿಲ್ಲ. ಗಟ್ಟಿ ಪೆಡಲ್ ಅಂದ್ರೆ ಒಳ್ಳೆ ಬ್ರೇಕ್ ಅಂತ ತಿಳಿದವರು ಸಿಕ್ಕಿಬೀಳುದು ಇಲ್ಲಿ.

ಮ್ಯಾನುವಲ್ ಮಾಡುದಾದ್ರೆ ಎರಡು ಬದಲಾಗಬೇಕು. ಪೆಡಲ್ಲಿನ ಪಿವಟ್ ಜಾಗ ಬದಲಿಸಿ ಅನುಪಾತ 6ಕ್ಕೆ 1ರ ಹತ್ತಿರ ತರಬೇಕು. ಮಾಸ್ಟರ್ ಸಿಲಿಂಡರ್ ಸಣ್ಣದಾಗಬೇಕು, ಒಂದು ಇಂಚಿನ ಬದಲು 7/8 ಇಂಚು ಅಂತ ಇಟ್ಟುಕೊಳ್ಳಿ. ಅದೇ 30 ಕೆಜಿ ಕಾಲಿಗೆ ಈಗ 46 ಸಿಗ್ತದೆ. 24ರ ಎದುರು ಇದು ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಪೆಡಲ್ ಇಳಿಯುವ ದೂರವೂ ಎರಡು ಪಟ್ಟು ಆಗ್ತದೆ. ನೆಲಕ್ಕೆ ತಾಗುವ ಮೊದಲು ಬ್ರೇಕ್ ಹಿಡಿಯಬೇಕಲ್ಲ? ಹಾಗಾಗಿ ಸಿಲಿಂಡರ್ ಇನ್ನೂ ಸಣ್ಣದು ಮಾಡ್ತೇನೆ ಅಂತ ಹೊರಡಲು ಆಗುದಿಲ್ಲ. ಹಳೆಯ 63 ಬೇಕಾದ್ರೆ ಕಾಲು 41 ಕೆಜಿ ಒತ್ತಬೇಕು. ನಿಮಗೆ ಸಾಧ್ಯ, ಸರಿ. ಅದೇ ಕಾರು ಅಮ್ಮನೂ ಓಡಿಸುದಾದ್ರೆ? ಅವರನ್ನು ಒಮ್ಮೆ ಕೂರಿಸಿ ಒತ್ತಿಸಿ ನೋಡಿ.

ಪುಶ್ ರಾಡ್ ಬಗ್ಗೆಯೂ ಹೇಳಬೇಕು. ಬೂಸ್ಟರಿಗೆ ಮಾಡಿದ ಮಾಸ್ಟರ್ ಸಿಲಿಂಡರಿನ ಪಿಸ್ಟನ್‌ನಲ್ಲಿ ಹೆಚ್ಚಾಗಿ ಗುಳಿ ಆಳ ಇರುದಿಲ್ಲ. ಮ್ಯಾನುವಲ್ ರಾಡ್ ಅದಕ್ಕೆ ಕೂರಿಸಿದ್ರೆ ಜಾರಿ ಹೊರಬರಬಹುದು. ರಾಡ್ ಜಾರಿತು ಅಂದ್ರೆ ಪೆಡಲ್ ಇದ್ದೂ ಇಲ್ಲ. ಮ್ಯಾನುವಲ್‌ಗೆಂದೇ ಮಾಡಿದ ಸಿಲಿಂಡರ್ ತನ್ನಿ. ಅದು ಟಾಂಡೆಮ್ ಆಗಿರಲಿ, ಮುಂದಿಗೂ ಹಿಂದಿಗೂ ಬೇರೆ ಬೇರೆ ಲೈನ್. ಹಳೆ ಕಾಲದ ಒಂದೇ ಲೈನಿನ ಸಿಲಿಂಡರಿನಲ್ಲಿ ಒಂದು ಪೈಪ್ ತುಕ್ಕು ಹಿಡಿದು ಒಡೆದರೆ ನಾಲ್ಕೂ ಚಕ್ರ ಹೋಯ್ತು. ನಮ್ಮ ಕಡಲ ಗಾಳಿಗೆ ಪೈಪ್ ತುಕ್ಕು ಹಿಡಿಯಲು ಹೇಳಿಕೊಡಬೇಕಾ! ಹಳೆಯದರ ಮೇಲೆ ಎಷ್ಟೇ ಪ್ರೀತಿ ಇರಲಿ, ಈ ಒಂದು ವಿಷಯದಲ್ಲಿ ಹಳೆಯದು ಬೇಡ.

ಫೋಟೋ 5
ಡೀಸೆಲ್ ಅಗ್ಗ ಇದ್ದ ಕಾಲದಲ್ಲಿ ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸುವ ರೂಢಿ ಊರೂರಲ್ಲಿ ಇತ್ತು. ಪೆಟ್ರೋಲ್ ಎಂಜಿನ್ನಿಗೆ ಥ್ರಾಟಲ್ ಉಂಟು, ಅದು ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ತಾನಾಗಿ ಹುಟ್ಟುತ್ತದೆ. ಹಳೆ ಡೀಸೆಲ್‌ಗೆ ಸಾಮಾನ್ಯವಾಗಿ ಅದಿಲ್ಲ. ಅದಕ್ಕೆ ಬೇರೆಯೇ ಪಂಪ್ ಬೇಕು, ಎಷ್ಟೋ ಎಂಜಿನ್ನುಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೆ ಇರುತ್ತದೆ. ಪಂಪ್ ಇಲ್ಲದ ಎಂಜಿನ್ ಹಾಕಿದ್ರೆ ಬೂಸ್ಟರ್ ಬರೀ ಡಬ್ಬಿ.

ಶಿರಾಡಿ, ಚಾರ್ಮಾಡಿ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವ ಚಾಳಿಯೂ ಇದಕ್ಕೇ ಸಂಬಂಧಪಟ್ಟದ್ದು. ಹಳೆ ಅಂಬಾಸಿಡರಿನಲ್ಲಿ ಎಂಜಿನ್ ನಿಂತರೂ ಪೆಡಲ್ ಬದಲಾಗುತ್ತಿರಲಿಲ್ಲ, ಎಂಜಿನ್ನಿನ ಹಿಡಿತ ಮಾತ್ರ ಹೋಗುತ್ತಿತ್ತು. ಬೂಸ್ಟರ್ ಇರುವ ಕಾರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ. ನಾಲ್ಕನೇ ತಿರುವಿಗೆ ಪೆಡಲ್ ಕಲ್ಲು.

ಫೋಟೋ 6
ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ, ಐದು ಪೈಸೆ ಖರ್ಚಿಲ್ಲ. ಎಂಜಿನ್ ಆಫ್ ಇರುವಾಗ ಪೆಡಲ್ ನಾಲ್ಕೈದು ಸಲ ಒತ್ತಿ, ಗಟ್ಟಿಯಾದ ಮೇಲೆ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದ್ರೆ ಬೂಸ್ಟರ್ ಜೀವಂತ. ಇಳಿಯದಿದ್ರೆ ಮೊದಲು ವ್ಯಾಕ್ಯೂಮ್ ಹೋಸ್ ನೋಡಿ, ಅದರ ಒನ್ ವೇ ವಾಲ್ವ್ ನೋಡಿ. ರಬ್ಬರ್ ಬಿರುಕು ಬಿಟ್ಟ ಹೋಸಿಗೋಸ್ಕರ ಇಡೀ ಬ್ರೇಕ್ ಬದಲಿಸುದು ಯಾಕೆ? ಬೂಸ್ಟರನ್ನು ಬಿಚ್ಚಿ ಡಯಾಫ್ರಮ್ ಬದಲಿಸುವವರು ಸಿಕ್ಕಿದ್ರೆ ನನ್ನ ಓಟು ಅದಕ್ಕೇ.

ಕಾನೂನೂ ಉಂಟು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಕಂಪೆನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುದಕ್ಕೆ ಮಿತಿ ಹಾಕುತ್ತದೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಿಸುವಾಗ ತಪಾಸಣೆಯೂ ಆಗಬೇಕು. ಕೆಎ 19 ಪ್ಲೇಟಿನವರು ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಮಾಡಿಯೇ ಮಾಡಿದಿರಾ? ಮ್ಯಾನಿಫೋಲ್ಡಿನ ತೂತು ಸರಿಯಾಗಿ ಮುಚ್ಚಿ, ಇಲ್ಲಾಂದ್ರೆ ಐಡ್ಲಿಂಗ್ ಕುಣಿಯುತ್ತದೆ. ಫ್ಲೂಯಿಡ್ ಹೊಸದು ಹಾಕಿ: ಡಾಟ್ 3 ಹೊಸತಿರುವಾಗ 205 ಡಿಗ್ರಿಗೆ ಕುದಿಯುದು, ತೇವ ಹೀರಿಕೊಂಡ ಮೇಲೆ 140ಕ್ಕೇ ಕುದಿಯಬಹುದು. ಗಾಳಿ ಪೂರ್ತಿ ತೆಗೆದು, ಮೊದಲು ಖಾಲಿ ಮೈದಾನದಲ್ಲಿ 20ರ ವೇಗಕ್ಕೆ ನಿಲ್ಲಿಸಿ ನೋಡಿ, ಆಮೇಲೆ 40ಕ್ಕೆ. ಹ್ಯಾಂಡ್ ಬ್ರೇಕ್ ಗಟ್ಟಿ ಉಂಟಾ ಅಂತ ಅದಕ್ಕಿಂತ ಮೊದಲೇ ನೋಡಿರಬೇಕು. ನಂತೂರು, ಕದ್ರಿ ಎಲ್ಲ ಅದಾದ ಮೇಲೆ.

#ಹಳೆಕಾರು #ಮಂಗಳೂರು #ಬ್ರೇಕ್