ಎಂಜಿನ್ನಿನ ಬಿಸಿ ದಾರಿ: ಇಟ್ಟವರೂ ಸರಿ, ಮುಚ್ಚಿದವರೂ ಸರಿ

ಅಮೆರಿಕದ ಹಳೆಯ ವಿ8 ಕಾರುಗಳಲ್ಲಿ ಕಾರ್ಬ್ಯುರೇಟರ್ ಕೆಳಗೆ, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಒಂದು ಅಡ್ಡದಾರಿ ಇರುತ್ತಿತ್ತು. ಅದರಲ್ಲಿ ಹರಿಯುತ್ತಿದ್ದದ್ದು ಎಕ್ಸಾಸ್ಟ್‌ನ ಬಿಸಿ ಹೊಗೆ. ಕಂಪನಿಯವರು ಬೇಕೂ ಅಂತ ಇಟ್ಟ ಈ ದಾರಿಯನ್ನು ರೇಸಿಂಗ್ ಹುಡುಗರು ಬೇಕೂ ಅಂತಲೇ ಮುಚ್ಚುತ್ತಿದ್ದರು. ಇವತ್ತಿನ ಮಾತು ಇದರ ಬಗ್ಗೆ.

ಇಟ್ಟದ್ದು ಯಾಕೆ? 1910ರ ದಶಕದಲ್ಲಿ ಕಾರುಗಳು ಹೆಚ್ಚಿದಂತೆ, ಬೇಡಿಕೆ ಪೂರೈಸಲು ಸುಲಭವಾಗಿ ಆವಿಯಾಗದ ಭಾರದ ಅಂಶಗಳೂ ಪೆಟ್ರೋಲಿಗೆ ಸೇರತೊಡಗಿದವು. ಮ್ಯಾನಿಫೋಲ್ಡ್ ತಣ್ಣಗಿದ್ದರೆ ಅಂಥ ಪೆಟ್ರೋಲ್ ಗೋಡೆಗೆ ಹನಿಯಾಗಿ ಅಂಟುತ್ತೆ. ಒಂದು ಸಿಲಿಂಡರಿಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಜೊತೆಗೆ, ಆವಿಯಾಗುವಾಗ ಪೆಟ್ರೋಲ್ ಸುತ್ತಲಿನ ಶಾಖ ಹೀರುತ್ತೆ. ತೇವದ ಹವೆಯಲ್ಲಿ ಹೊರಗೆ 10 ಡಿಗ್ರಿ ಇದ್ದರೂ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು.

1955ರಲ್ಲಿ ಬಂದ ಷೆವ್ರೊಲೆಯ 265 ಘನ ಇಂಚಿನ ವಿ8 ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಹೆಡ್‌ಗಳ ನಡುವಿನ ಎಕ್ಸಾಸ್ಟ್ ಪೋರ್ಟ್‌ಗಳಿಂದ ಒಂದು ದಾರಿ ಮ್ಯಾನಿಫೋಲ್ಡ್ ಮೂಲಕ ಆಚೆ ಬದಿಗೆ ಹಾಯುತ್ತೆ. ಎಂಜಿನ್ ತಣ್ಣಗಿದ್ದಾಗ ಒಂದು ಬದಿಯ ಎಕ್ಸಾಸ್ಟ್‌ನಲ್ಲಿರುವ ಕವಾಟ ಮುಚ್ಚಿಕೊಂಡು ಹೊಗೆಯನ್ನು ಈ ದಾರಿಗೆ ನೂಕುತ್ತೆ. ಬಿಸಿಯಾದ ಮೇಲೆ ಸ್ಪ್ರಿಂಗ್ ಸಡಿಲವಾಗಿ ಕವಾಟ ತೆರೆಯುತ್ತೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ!

ಆದರೆ ಕವಾಟ ತೆರೆದ ಮೇಲೂ ಅಡ್ಡದಾರಿ ತಣ್ಣಗಾಗೋದಿಲ್ಲ. ರೇಸಿನವರಿಗೆ ಕಿರಿಕಿರಿ ಆಗಿದ್ದು ಇಲ್ಲೇ. ಲೆಕ್ಕ ಸರಳ: ಒಳಗೆ ಹೋಗುವ ಗಾಳಿ 27ರಿಂದ 57 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು 9% ಇಳಿಯುತ್ತೆ. ಆಮ್ಲಜನಕ ಕಡಿಮೆಯಾದರೆ ಶಕ್ತಿಯೂ ಕಡಿಮೆ. ಹಾಗಾಗಿ ಕೆಲವರು ಗ್ಯಾಸ್ಕೆಟ್ ಜಾಗದಲ್ಲಿ ತೆಳು ತಗಡು ಇಟ್ಟು ತೂತು ಮುಚ್ಚಿದರು. ಇನ್ನು ಕೆಲವರು ಹೆಡ್‌ನ ದಾರಿಗೇ ಕರಗಿದ ಅಲ್ಯೂಮಿನಿಯಂ ಹೊಯ್ದರು. ಮುಂದೆ ಈ ದಾರಿಯೇ ಇಲ್ಲದ ರೇಸ್ ಮ್ಯಾನಿಫೋಲ್ಡ್‌ಗಳೂ ಮಾರುಕಟ್ಟೆಗೆ ಬಂದವು.

ರೇಸ್ ಟ್ರ್ಯಾಕಿನಲ್ಲಿ ಇದು ಲಾಭ. ರಸ್ತೆಯ ಕಾರಿನಲ್ಲಿ? ಹಳೆಯ ಕೋಡಿನಲ್ಲಿ ಒಂದು ಫಂಕ್ಷನ್ ತೆಗೆಯುವ ಮೊದಲು ಅದನ್ನು ಯಾರ‍್ಯಾರು ಕರೀತಿದ್ದಾರೆ ಅಂತ ಹುಡುಕ್ತೀವಲ್ಲ, ಇಲ್ಲೂ ಹಾಗೇ. ಷೆವ್ರೊಲೆಯ ಅನೇಕ ಮಾದರಿಗಳಲ್ಲಿ ಚೋಕ್‌ನ ಸ್ಪ್ರಿಂಗ್ ಬಿಸಿಯಾಗುತ್ತಿದ್ದದ್ದು ಇದೇ ದಾರಿಯಿಂದ. ದಾರಿ ಮುಚ್ಚಿದರೆ ಚೋಕ್ ಬೇಗ ತೆರೆಯೋದಿಲ್ಲ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಹಾಕುತ್ತೆ, ಎಂಜಿನ್ ಸವೆಯುತ್ತೆ. 1970ರ ದಶಕದಲ್ಲಿ ಮಾಲಿನ್ಯ ತಗ್ಗಿಸೋಕೆ ಬಂದ ಇಜಿಆರ್ ಕವಾಟಕ್ಕೂ ಹಲವು ಎಂಜಿನ್‌ಗಳಲ್ಲಿ ಹೊಗೆ ಸಿಗುತ್ತಿದ್ದದ್ದು ಇಲ್ಲಿಂದಲೇ.

ಕೊನೆಗೆ ಜಗಳ ಬಗೆಹರಿಸಿದ್ದು ತಗಡಲ್ಲ, ಇಂಜೆಕ್ಷನ್. ಪೆಟ್ರೋಲ್ ನೇರವಾಗಿ ವಾಲ್ವ್ ಹತ್ತಿರವೇ ಸಿಡಿಯತೊಡಗಿದ ಮೇಲೆ ಇಡೀ ಮ್ಯಾನಿಫೋಲ್ಡ್ ಬಿಸಿ ಮಾಡುವ ಅಗತ್ಯವೇ ಉಳಿಯಲಿಲ್ಲ. 1997ರ ಕಾರ್ವೆಟ್‌ನ ಎಲ್‌ಎಸ್1 ಎಂಜಿನ್ನಿನ ಹೆಡ್‌ಗಳಲ್ಲಿ ಆ ಅಡ್ಡದಾರಿ ಇಲ್ಲ. ಕಾರ್ಬ್ಯುರೇಟರ್ ಇರುವ ಹಳೆಯ ವಿ8 ಯಾರಾದರೂ ಬಿಚ್ಚುತ್ತಿದ್ದರೆ, ತಗಡು ಕತ್ತರಿಸುವ ಮುಂಚೆ ಎರಡು ಪ್ರಶ್ನೆ ಕೇಳಿ: ಚೋಕ್‌ಗೆ ಬಿಸಿ ಎಲ್ಲಿಂದ ಬರುತ್ತೆ? ನಿಮ್ಮೂರಲ್ಲಿ ಚಳಿ ಎಷ್ಟು?