ಲಕೋಟೆಯಲ್ಲಿ ಇಲ್ಲದ ಹೆಸರು

ಆಸ್ಕರ್ ಎಂದೊಡನೆ ನಮಗೆ ನೆನಪಾಗುವುದು ಮೊಹರು ಮಾಡಿದ ಲಕೋಟೆ, ಅದನ್ನು ಬಿಡಿಸುವಾಗ ಸಭೆಯಲ್ಲಿ ಕವಿಯುವ ಮೌನ. ಆದರೆ 1929ರ ಮೇ 16ರಂದು ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನಲ್ಲಿ ನಡೆದ ಮೊದಲ ಸಮಾರಂಭದಲ್ಲಿ ಇಂಥ ಕುತೂಹಲಕ್ಕೆ ಜಾಗವೇ ಇರಲಿಲ್ಲ. ಗೆದ್ದವರ ಹೆಸರುಗಳು ಮೂರು ತಿಂಗಳ ಹಿಂದೆಯೇ ಪ್ರಕಟವಾಗಿದ್ದವು. ಸುಮಾರು 270 ಮಂದಿ ಊಟಕ್ಕೆ ಸೇರಿದ್ದರು; ಪ್ರಶಸ್ತಿ ಹಂಚುವ ಕೆಲಸ ಹದಿನೈದು ನಿಮಿಷಗಳಲ್ಲಿ ಮುಗಿದುಹೋಯಿತು. ಮುಂದೆ ಫಲಿತಾಂಶವನ್ನು ಗುಟ್ಟಾಗಿಟ್ಟು, ರಾತ್ರಿ ಹನ್ನೊಂದಕ್ಕೆ ಪ್ರಕಟಿಸಬೇಕೆಂಬ ಕರಾರಿನ ಮೇಲೆ ಪತ್ರಿಕೆಗಳಿಗೆ ಮೊದಲೇ ಕೊಡುವ ಪದ್ಧತಿ ಬಂತು. 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಸಂಜೆಯೇ ಹೆಸರುಗಳನ್ನು ಅಚ್ಚು ಹಾಕಿಬಿಟ್ಟಿತು. ಮರುವರ್ಷದಿಂದ ಮೊಹರಿನ ಲಕೋಟೆ ಶುರುವಾಯಿತು.

ಆಸ್ಕರ್ ಬಗ್ಗೆ ಇಂಥ ಸ್ವಾರಸ್ಯಗಳು ಬೇಕಾದಷ್ಟಿವೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: 1950ರ ದಶಕದಲ್ಲಿ ಮೂರು ಬಾರಿ, ಬರವಣಿಗೆಗಾಗಿ ಕೊಟ್ಟ ಪ್ರಶಸ್ತಿಯ ಲಕೋಟೆಯೊಳಗೆ ಬರೆದವರ ಹೆಸರೇ ಇರಲಿಲ್ಲ.

ಇದು ಅರ್ಥವಾಗಲು ಅಕಾಡೆಮಿಯ ಹುಟ್ಟಿನತ್ತ ನೋಡಬೇಕು. 1927ರಲ್ಲಿ ಅದನ್ನು ಕಟ್ಟಲು ಮುಂದಾದವರು ಎಂಜಿಎಂ ಸ್ಟುಡಿಯೊದ ಮುಖ್ಯಸ್ಥ ಲೂಯಿ ಬಿ. ಮೇಯರ್. ಸ್ಟುಡಿಯೊಗಳಲ್ಲಿ ಕಾರ್ಮಿಕ ಸಂಘಗಳು ಬೇರೂರುವ ಮುನ್ನ, ತಕರಾರುಗಳನ್ನು ಮಾಲೀಕರ ನೆರಳಿನಲ್ಲೇ ಬಗೆಹರಿಸುವ ಸಂಸ್ಥೆಯೊಂದು ಅವರಿಗೆ ಬೇಕಿತ್ತು. ಪ್ರಶಸ್ತಿಯ ಯೋಚನೆ ಆಮೇಲೆ ಸೇರಿಕೊಂಡಿತು. ಲೇಖಕರು ಇದನ್ನು ಮರೆಯಲಿಲ್ಲ. 'ದಿ ಇನ್‌ಫಾರ್ಮರ್' ಚಿತ್ರಕಥೆಗಾಗಿ 1936ರಲ್ಲಿ ಆಸ್ಕರ್ ಬಂದಾಗ ಡಡ್ಲಿ ನಿಕೋಲ್ಸ್ ತಮ್ಮ ಲೇಖಕರ ಸಂಘದ ಪರವಾಗಿ ನಿಂತು ಅದನ್ನು ನಿರಾಕರಿಸಿದರು. ಆಸ್ಕರ್ ಬೇಡವೆಂದ ಮೊದಲಿಗರು ಅವರೇ.

1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಹಾಲಿವುಡ್‌ನ ಕಮ್ಯುನಿಸ್ಟರನ್ನು ಹುಡುಕತೊಡಗಿತು. ನೀವು ಪಕ್ಷದ ಸದಸ್ಯರೇ ಎಂಬ ಪ್ರಶ್ನೆಗೆ ಉತ್ತರಿಸಲು ಒಪ್ಪದ ಹತ್ತು ಮಂದಿ ಜೈಲಿಗೆ ಹೋದರು. ಅವರಲ್ಲಿ ಚಿತ್ರಕಥೆಗಾರ ಡಾಲ್ಟನ್ ಟ್ರಂಬೊ ಒಬ್ಬರು. ಸ್ಟುಡಿಯೊಗಳು ಕಪ್ಪುಪಟ್ಟಿ ತಯಾರಿಸಿದವು. ಅದರಲ್ಲಿದ್ದವರಿಗೆ ಕೆಲಸವಿಲ್ಲ, ಕದ್ದುಮುಚ್ಚಿ ಕೆಲಸ ಸಿಕ್ಕರೂ ಕಡಿಮೆ ಸಂಬಳ, ತೆರೆಯ ಮೇಲೆ ಬೇರೆಯವರ ಹೆಸರು. ಕಾವ್ಯನಾಮವನ್ನು ಕವಿ ತಾನೇ ಆರಿಸಿಕೊಳ್ಳುತ್ತಾನೆ. ಇಲ್ಲಿ ಹಾಗಲ್ಲ, ಹೆಸರು ಬಿಟ್ಟುಕೊಟ್ಟರೆ ಮಾತ್ರ ಅನ್ನ.

ಟ್ರಂಬೊ ಬರೆದ 'ರೋಮನ್ ಹಾಲಿಡೇ' ಕಥೆಗೆ 1954ರಲ್ಲಿ ಆಸ್ಕರ್ ಬಂತು. ಆಡ್ರೆ ಹೆಪ್‌ಬರ್ನ್ ಅದೇ ಚಿತ್ರದಿಂದ ಶ್ರೇಷ್ಠ ನಟಿಯಾದರು. ಕಥೆಯ ಪ್ರಶಸ್ತಿ ಮಾತ್ರ ಟ್ರಂಬೊಗೆ ಹೆಸರು ಕೊಟ್ಟು ನೆರವಾಗಿದ್ದ ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್ ಪಾಲಾಯಿತು. 1957ರಲ್ಲಿ 'ದಿ ಬ್ರೇವ್ ಒನ್' ಕಥೆಗಾಗಿ ರಾಬರ್ಟ್ ರಿಚ್ ಎಂಬ ಹೆಸರನ್ನು ಕೂಗಲಾಯಿತು. ಆತ ವೇದಿಕೆಗೆ ಬರಲಿಲ್ಲ. ಆತನ ಪರವಾಗಿ ಲೇಖಕರ ಸಂಘದ ಪ್ರತಿನಿಧಿ ಪ್ರತಿಮೆ ಪಡೆದುಕೊಂಡರು. ಆಮೇಲೆ ಪತ್ರಕರ್ತರು ಎಷ್ಟು ಹುಡುಕಿದರೂ ಅಂಥ ಲೇಖಕ ಸಿಗಲಿಲ್ಲ. ಅದನ್ನು ಬರೆದವರೂ ಟ್ರಂಬೊ ಅವರೇ.

ಮರುವರ್ಷದ್ದು ಇನ್ನೂ ವಿಚಿತ್ರ. 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' ಚಿತ್ರಕಥೆಯ ಪ್ರಶಸ್ತಿ ಮೂಲ ಕಾದಂಬರಿಕಾರ ಪಿಯೆರ್ ಬೂಲ್ ಅವರಿಗೆ ಸಂದಿತು. ಬೂಲ್ ಫ್ರೆಂಚ್ ಲೇಖಕರು, ಇಂಗ್ಲಿಷಿನಲ್ಲಿ ಬರೆಯುವವರಲ್ಲ. ಚಿತ್ರಕಥೆ ಬರೆದದ್ದು ಕಪ್ಪುಪಟ್ಟಿಯಲ್ಲಿದ್ದ ಕಾರ್ಲ್ ಫೋರ್‌ಮನ್ ಮತ್ತು ಮೈಕೆಲ್ ವಿಲ್ಸನ್.

ಅಕಾಡೆಮಿ ಇದಕ್ಕೆಲ್ಲ ಬರೀ ಸಾಕ್ಷಿಯಾಗಿರಲಿಲ್ಲ. ಸಮಿತಿಯ ಮುಂದೆ ಉತ್ತರಿಸಲು ನಿರಾಕರಿಸಿದವರು ಪ್ರಶಸ್ತಿಗೆ ಅನರ್ಹರು ಎಂದು 1957ರ ಫೆಬ್ರವರಿಯಲ್ಲಿ ತಾನೇ ನಿಯಮ ಮಾಡಿತು. ಆ ವರ್ಷ 'ಫ್ರೆಂಡ್ಲಿ ಪರ್ಸ್ಯುಯೇಷನ್' ಚಿತ್ರಕಥೆ ನಾಮನಿರ್ದೇಶನಗೊಂಡಿತು. ಅದನ್ನು ಬರೆದ ವಿಲ್ಸನ್ ಅನರ್ಹರಾದರು. ಕೃತಿ ಯೋಗ್ಯ, ಕರ್ತೃ ಅಯೋಗ್ಯ! ನಿಯಮ ಎರಡು ವರ್ಷವೂ ಬಾಳಲಿಲ್ಲ. 1959ರ ಜನವರಿಯಲ್ಲಿ ಅಕಾಡೆಮಿ ಅದನ್ನು ಕೈಬಿಟ್ಟಿತು. ರಾಬರ್ಟ್ ರಿಚ್ ನಾನೇ ಎಂದು ಟ್ರಂಬೊ ಒಪ್ಪಿಕೊಂಡರು. 1960ರಲ್ಲಿ 'ಸ್ಪಾರ್ಟಕಸ್' ಮತ್ತು 'ಎಕ್ಸೋಡಸ್' ಚಿತ್ರಗಳಲ್ಲಿ ಅವರ ನಿಜವಾದ ಹೆಸರು ಮತ್ತೆ ತೆರೆಯ ಮೇಲೆ ಮೂಡಿತು.

ಹಳೆಯ ಬಾಕಿ ತೀರಲು ಇನ್ನೂ ಬಹಳ ಕಾಲ ಹಿಡಿಯಿತು. 'ದಿ ಬ್ರೇವ್ ಒನ್' ಪ್ರತಿಮೆ ಟ್ರಂಬೊ ಕೈಸೇರಿದ್ದು 1975ರಲ್ಲಿ. ಮರುವರ್ಷ ಅವರು ತೀರಿಕೊಂಡರು. ಫೋರ್‌ಮನ್ ಮತ್ತು ವಿಲ್ಸನ್ ಅವರನ್ನು ಅಕಾಡೆಮಿ 1984ರಲ್ಲಿ ಗುರುತಿಸುವ ಹೊತ್ತಿಗೆ ಇಬ್ಬರೂ ಬದುಕಿರಲಿಲ್ಲ. 'ರೋಮನ್ ಹಾಲಿಡೇ' ಪ್ರಶಸ್ತಿಯನ್ನು 1993ರಲ್ಲಿ ಟ್ರಂಬೊ ಅವರ ಪತ್ನಿ ಕ್ಲಿಯೊ ಸ್ವೀಕರಿಸಿದರು.

ಇದನ್ನು ಕೇವಲ ಒಂದು ಕಾಲದ ಹುಚ್ಚೆಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಲೇಖಕರು ಬೇಡ, ಅವರ ಬರಹ ಬೇಕು ಎಂದ ಉದ್ಯಮವೇ ಆ ಬರಹಕ್ಕೆ ಅತ್ಯುತ್ತಮವೆಂಬ ಮುದ್ರೆಯನ್ನೂ ಒತ್ತಿತು. ಬರಹ ಚೆನ್ನಾಗಿದೆ ಎಂಬುದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ದಂಡ ತೆತ್ತದ್ದು ಮೌನವಾಗಿರುವ ಹಕ್ಕನ್ನು ಬಿಟ್ಟುಕೊಡದ ಮನುಷ್ಯರು. 'ರೋಮನ್ ಹಾಲಿಡೇ' ಲೇಖಕರಲ್ಲಿ ಟ್ರಂಬೊ ಹೆಸರನ್ನು ಅಮೆರಿಕದ ಲೇಖಕರ ಸಂಘ ಅಧಿಕೃತವಾಗಿ ಸೇರಿಸಿದ್ದು 2011ರಲ್ಲಿ. ಚಿತ್ರ ತೆರೆಕಂಡು ಆಗ 58 ವರ್ಷವಾಗಿತ್ತು.