ಥಾರ್ನ್‌ಕ್ಲಿಫ್ ಪಾರ್ಕಿಗೆ ಬಂದವರು

ಟೊರೊಂಟೊದ ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿ ಗ್ರ್ಯಾಂಡ್‌ಸ್ಟ್ಯಾಂಡ್ ಪ್ಲೇಸ್, ಮೈಲ್‌ಪೋಸ್ಟ್ ಪ್ಲೇಸ್ ಎಂಬ ಬೀದಿಗಳಿವೆ. 1917ರಲ್ಲಿ ಇಲ್ಲಿ ಆರಂಭವಾದ ಕುದುರೆ ರೇಸಿನ ಮೈದಾನದ ನೆನಪು ಅವು. 1950ರ ದಶಕದಲ್ಲಿ ಮೈದಾನ ಮುಚ್ಚಿತು. ಆ ಜಾಗದಲ್ಲಿ ಎತ್ತರದ ಬಾಡಿಗೆ ಅಪಾರ್ಟ್‌ಮೆಂಟುಗಳು ಎದ್ದವು. ಸುಮಾರು 12,500 ಜನರಿಗೆಂದು ಯೋಜಿಸಿದ ಈ ಬಡಾವಣೆಯಲ್ಲಿ 2016ರ ಜನಗಣತಿಯ ವೇಳೆಗೆ 21,000ಕ್ಕೂ ಹೆಚ್ಚು ಜನರಿದ್ದರು.

ಇಷ್ಟು ಜನ ಹೇಗೆ ಬಂದರು? ಹಿಂದೆ ಕೆನಡಾ ವಲಸಿಗರನ್ನು ಆರಿಸುವಾಗ ಜನಾಂಗವನ್ನೂ ದೇಶವನ್ನೂ ನೋಡುತ್ತಿತ್ತು. 1962ರಲ್ಲಿ ಆ ನಿಯಮ ಬಹುಮಟ್ಟಿಗೆ ಹೋಯಿತು. 1967ರಲ್ಲಿ ಓದು, ಕೆಲಸ, ಭಾಷೆಗೆ ಅಂಕ ಕೊಡುವ ಪದ್ಧತಿ ಬಂತು. ನಮ್ಮ ತಂದೆತಾಯಂದಿರಲ್ಲಿ ಹಲವರು ಬಂದದ್ದೂ ಇದೇ ಬಾಗಿಲಿನಿಂದ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಹೊರಹಾಕಿದಾಗ ಸಾವಿರಾರು ಮಂದಿ ಕೆನಡಾಕ್ಕೆ ಬಂದರು. ಮುಂದೆ ಪಾಕಿಸ್ತಾನ, ಭಾರತ, ಅಫ್ಘಾನಿಸ್ತಾನ, ಫಿಲಿಪ್ಪೀನ್ಸ್, ಸಿರಿಯಾದ ಕುಟುಂಬಗಳು ಥಾರ್ನ್‌ಕ್ಲಿಫ್‌ನಲ್ಲಿ ನೆಲೆಸಿದವು. 2013ರಲ್ಲಿ ಇಲ್ಲಿನ ಮಹಿಳಾ ಸಮಿತಿಯ ಪ್ರಯತ್ನದಿಂದ ಆರ್.ವಿ. ಬರ್ಜೆಸ್ ಪಾರ್ಕಿಗೆ ಸಾರ್ವಜನಿಕ ತಂದೂರಿ ಒಲೆಯೂ ಬಂತು.

ಆದರೆ ಬಾಡಿಗೆ ಮನೆಯಲ್ಲಿ ಕೆಲವು ವರ್ಷ ಇದ್ದು, ಸ್ವಂತ ಮನೆ ಕೊಂಡು ಬೇರೆ ಕಡೆ ಹೋದವರ ಹೆಸರು ಯಾವ ಬೀದಿಗೂ ಇಡುವುದಿಲ್ಲ. ಅವರ ಚರಿತ್ರೆ ಇರುವುದು ಅವರ ಮನೆಮಾತಿನಲ್ಲಿ. ಮಕ್ಕಳಿಗೆ ಆ ಮಾತು ಬಾರದಿದ್ದರೆ ಅರ್ಧ ಚರಿತ್ರೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಗುರುಗಳು ಕನ್ನಡ ಕಲಿಸಿದ್ದರಿಂದ ಅಂಥ ಕತೆಗಳನ್ನು ನಾವು ಕೇಳಬಲ್ಲೆವು, ಬರೆದಿಡಲೂಬಲ್ಲೆವು. ಅದಕ್ಕೆ ಅವರಿಗೆ ನನ್ನ ನಮಸ್ಕಾರ. ತಂದೆತಾಯಂದಿರಲ್ಲಿ ಒಂದು ಕೋರಿಕೆ: ಕೆನಡಾದ ನಿಮ್ಮ ಮೊದಲ ಬಾಡಿಗೆ ಮನೆಯ ಕತೆಯನ್ನು ನಮಗೆ ಕನ್ನಡದಲ್ಲೇ ಹೇಳಿ.